ಕಿರಿಯ ವಯಸ್ಸಿನ ಕೋಚ್‌ಗೆ ಗೌರವ ತೋರಿಸುವ ಕ್ರಮ ಯಾವುದು?

ಪ್ರಶ್ನೆ: ಕದ್ರಿಯ ಹೊಸ ವಿದ್ಯಾರ್ಥಿ

ಬಾಲ್ಯದಲ್ಲಿ ಉಡುಪಿಯಲ್ಲಿ ಕರಾಟೆ ಕಲಿತಿದ್ದ ನಾನು ಈಗ ನಲ್ವತ್ತರ ಹೊಸ್ತಿಲಲ್ಲಿ ಮಂಗಳೂರಿನ ಜಿಮ್ ಒಂದರಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಎಂಬ, ಕುಸ್ತಿಯಂತೆ ಹಿಡಿದು ಸೆಣಸುವ ಕಲೆಯ ತರಗತಿಗೆ ಸೇರಿದ್ದೇನೆ. ಕರಾಟೆಯಲ್ಲಿ ಮಂಡಿಯೂರಿ ಕುಳಿತು, 'ಸೆನ್ಸೇ ನಿ ರೇ' (ಗುರುವಿಗೆ ವಂದನೆ) ಎಂದಾಗ ಬಾಗಿ ವಂದಿಸಿದ ಮೇಲೆಯೇ ಪಾಠ ಆರಂಭವಾಗುತ್ತಿತ್ತು. ಇಲ್ಲಿನ ಕೋಚ್ ನನಗಿಂತ ಬಹಳ ಕಿರಿಯರು. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ, ಬಾಗುವ ಕ್ರಮವೂ ಇಲ್ಲ. ಕಲಿಸುವವರನ್ನು ಹೆಸರಿನಿಂದ ಕರೆಯಲು ನನಗೆ ನಾಲಿಗೆಯೇ ಏಳುವುದಿಲ್ಲ. ನಾನೊಬ್ಬನೇ ಬಾಗಿದರೆ ಅವರಿಗೆ ಮುಜುಗರವಾದೀತೇ? ಅವರು ತೋರಿಸಿದ ಪಟ್ಟಿನ ಬಗ್ಗೆ ಸಂಶಯ ಬಂದರೆ ಎಲ್ಲರೆದುರು ಕೇಳಬಹುದೇ?

ಉತ್ತರ: ಮಣಿಪಾಲದ ಜೂಡೋ ಅಭ್ಯಾಸಿ

ಜೂಡೋದ ಜನಕ ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ಪಳಗಿದ ಮಿತ್ಸುಯೊ ಮಾಯೆಡಾ 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಕಲಿಸಿದ ವಿದ್ಯೆಯೇ ಗ್ರೇಸಿ ಮನೆತನದವರ ಕೈಯಲ್ಲಿ ನಿಮ್ಮ ಜಿಯು-ಜಿಟ್ಸು ಆಯಿತು. ಬೇರು ಒಂದೇ ಆದರೂ ಅಲ್ಲಿನ ಅನೇಕ ಜಿಮ್‌ಗಳಲ್ಲಿ ಆಚಾರ ಸಡಿಲಗೊಂಡಿತು. ಆದ್ದರಿಂದ ಬಾಗದಿರುವುದು ಉದ್ಧಟತನವಲ್ಲ. ನಮ್ಮ ಜೂಡೋದಲ್ಲಿಯೂ ಶಿಷ್ಯ ಬಾಗಿದಾಗ ಗುರುವೂ ಮರಳಿ ಬಾಗುತ್ತಾರೆ, ಅದು ಏಕಮುಖದ ಅಡ್ಡಬೀಳುವಿಕೆಯಲ್ಲ. ಆಯಾ ಜಿಮ್‌ನ ರೂಢಿಯನ್ನು ಪಾಲಿಸಿ. ಹೆಸರು ಹಿಡಿಯಲು ಸಂಕೋಚವಾದರೆ 'ಕೋಚ್' ಎಂದೋ 'ಸರ್' ಎಂದೋ ಕರೆಯಿರಿ. ನಮ್ಮ ಊರಿನಲ್ಲಿ ಅದು ಯಾರಿಗೂ ವಿಚಿತ್ರವೆನಿಸದು.

ಉತ್ತರ: ಸುರತ್ಕಲ್‌ನ ತರಬೇತುದಾರ

ಕಲಿಸುವವನಾಗಿ ಹೇಳುವುದಾದರೆ, ಸಂಬೋಧನೆಗಿಂತ ಉಗುರು ಕತ್ತರಿಸಿಕೊಂಡು ಬರುವುದು ನನಗೆ ಹೆಚ್ಚಿನ ಗೌರವ. ಕರಾವಳಿಯ ಮಳೆಗಾಲದಲ್ಲಿ ಅಭ್ಯಾಸಕ್ಕೆ ತೊಡುವ 'ಗಿ' ಎಂಬ ದಪ್ಪ ಉಡುಪು ಎರಡು ದಿನವಾದರೂ ಒಣಗದು. ಹಸಿಯಾಗಿಯೇ ತೊಟ್ಟು ಬಂದರೆ ಹುಳುಕಡ್ಡಿ ಒಬ್ಬರಿಂದ ಇಡೀ ತಂಡಕ್ಕೆ ಹಬ್ಬುತ್ತದೆ, ಆದ್ದರಿಂದ ಎರಡು ಜೊತೆ ಇಟ್ಟುಕೊಳ್ಳಿ. ಶೌಚಾಲಯಕ್ಕೆ ಬರಿಗಾಲಿನಲ್ಲಿ ಹೋಗಿ ಅದೇ ಕಾಲಿನಲ್ಲಿ ಮ್ಯಾಟ್ ಏರಬೇಡಿ. ತಡವಾದರೆ ಅಂಚಿನಲ್ಲಿ ನಿಂತು, ಕೋಚ್ ಸನ್ನೆ ಮಾಡಿದ ಮೇಲೆ ಒಳಗೆ ಬನ್ನಿ. ಎದುರಾಳಿ ಟ್ಯಾಪ್ ಮಾಡಿದ, ಅಂದರೆ ಸೋಲೊಪ್ಪಿ ಕೈ ತಟ್ಟಿದ ಕ್ಷಣವೇ ಹಿಡಿತ ಬಿಡಿ, ಏಕೆಂದರೆ ಅವರ ಕೀಲನ್ನು ಕೋಚ್ ನಿಮ್ಮ ನಂಬಿಕೆಯ ಮೇಲೆ ಒಪ್ಪಿಸಿರುತ್ತಾರೆ.

ಸಂಶಯವನ್ನು ಖಂಡಿತ ಕೇಳಿ, ಆದರೆ ತೋರಿಸುವುದು ಮುಗಿದು ಜೋಡಿ ಅಭ್ಯಾಸ ಆರಂಭವಾದ ಮೇಲೆ. 'ಯೂಟ್ಯೂಬ್‌ನಲ್ಲಿ ಬೇರೆ ರೀತಿ ಇತ್ತು' ಎನ್ನುವುದಕ್ಕಿಂತ 'ಇಲ್ಲಿ ಎದುರಾಳಿ ಮೊಣಕೈ ಎಳೆದುಕೊಂಡರೆ ಏನು ಮಾಡಲಿ?' ಎಂದು ಕೇಳಿದರೆ ನಮಗೂ ಉತ್ಸಾಹ ಬರುತ್ತದೆ.

ಉತ್ತರ: ಕಾಪುವಿನ ಪಾಲಕಿ

ಒಂದು ಮಾತು ಸೇರಿಸುತ್ತೇನೆ. ಮಗಳನ್ನು ಕರಾಟೆಗೆ ಸೇರಿಸುವಾಗ, ತರಗತಿಯಲ್ಲಿಟ್ಟ ಗುರುಗಳ ಭಾವಚಿತ್ರಕ್ಕೆ ಬಾಗುವುದು ನಮ್ಮ ಮನೆಯ ನಂಬಿಕೆಗೆ ಹೊಂದುವುದಿಲ್ಲವೆಂದು ಮಾಸ್ಟರ್‌ಗೆ ಮೊದಲೇ ಏಕಾಂತದಲ್ಲಿ ತಿಳಿಸಿದೆವು. ಅವಳು ನೇರವಾಗಿ ನಿಂತು ಮೌನವಾಗಿದ್ದರೆ ಸಾಕೆಂದು ಅವರು ಒಪ್ಪಿದರು. ಹಾಗೆಯೇ ನೀವೂ ತರಗತಿ ಮುಗಿದ ಮೇಲೆ ನಿಮ್ಮ ಕೋಚ್ ಅವರನ್ನೇ ನೇರವಾಗಿ ಕೇಳಿಬಿಡಿ. ಆದರೆ ಶಿಸ್ತಿನ ಹೆಸರಿನಲ್ಲಿ ಹೊಡೆಯುವ, ಗಾಯವಾದರೂ ಮುಂದುವರಿಸೆನ್ನುವ ಜಾಗವಾದರೆ ಅಲ್ಲಿ ಮರ್ಯಾದೆಯ ಪ್ರಶ್ನೆಯೇ ಏಳುವುದಿಲ್ಲ, ಬಿಟ್ಟು ಬನ್ನಿ.