ಮೆದುಳಿಗೆ ಮೂರು ಭಾಗನಾ ಐದಾ? ಹೈಪೊಥಲಾಮಸ್ ಥಲಾಮಸ್‌ನ ಕೆಳಗಿದ್ಯಾ ಮುಂದಿದ್ಯಾ?

ಹೈಸ್ಕೂಲ್_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿಗೆ ವಿಜ್ಞಾನ ತಗೋತೀನಿ. ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಅಂತ ಮೂರು ಭಾಗ ಬರೆಸ್ತೀವಿ, ಚಿತ್ರ ಬಿಡಿಸಿ ಗುರುತಿಸು ಅಂತೀವಿ, ಪಾಠ ಮುಗೀತು. ಈ ಸಲ ಒಬ್ಬಳು ಹುಡುಗಿ ಅವಳ ಅಕ್ಕನ ನೀಟ್ ಪುಸ್ತಕ ತಂದು ಸರ್ ಇದ್ರಲ್ಲಿ ಐದು ಅಂತಿದೆ, ಟೆಲೆನ್ಸೆಫಲಾನ್ ಡೈಎನ್ಸೆಫಲಾನ್ ಅಂತೆಲ್ಲ ಇದೆ, ಯಾವ್ದು ಸರಿ ಅಂತ ಕೇಳಿದ್ಲು. ನೆಟ್‌ನಲ್ಲಿ ಹುಡುಕಿದ್ರೆ ಇನ್ನೂ ಗೊಂದಲ, ಒಂದು ಚಿತ್ರದಲ್ಲಿ ಹೈಪೊಥಲಾಮಸ್ ಥಲಾಮಸ್ ಕೆಳಗಿದೆ, ಇನ್ನೊಂದರಲ್ಲಿ ಅದರ ಮುಂದಿದೆ, ಅದೂ ಇಲಿ ಮೆದುಳಿಗೆ ಪಿ1 ಪಿ2 ಪಿ3 ಅಂತ ಪಟ್ಟಿ ಪಟ್ಟಿ ಹಾಕಿದಾರೆ. ಮೀನಿಗೂ ಹಕ್ಕಿಗೂ ಮನುಷ್ಯನಿಗೂ ಒಂದೇ ಹೆಸರು ಹೇಗೆ ಸರಿಹೋಗುತ್ತೆ? ಮತ್ತೆ ಮೆದುಳು ಎಲ್ಲಿಗೆ ಮುಗೀತು, ಬೆನ್ನುಹುರಿ ಎಲ್ಲಿಂದ ಶುರು ಅನ್ನೋದಕ್ಕೆ ಗೆರೆ ಏನಾದ್ರೂ ಇದ್ಯಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಅನಾಟಮಿ_ಹಾಲ್:
ಮೇಷ್ಟ್ರೇ ಮೂರೂ ಸರಿ ಐದೂ ಸರಿ, ಯಾಕಂದ್ರೆ ಇವು ಭ್ರೂಣದಲ್ಲಿ ಒಂದಾದ ಮೇಲೊಂದು ಬರೋ ಹಂತಗಳು. ಬೆಳೆದ ಮೆದುಳನ್ನ ಕೊಯ್ದು ಮೂರು ತುಂಡು ಮಾಡಿ ಇಟ್ಟ ಹೆಸರಲ್ಲ ಅವು. ಮನುಷ್ಯನ ಭ್ರೂಣದಲ್ಲಿ ನಾಲ್ಕನೇ ವಾರದ ಹೊತ್ತಿಗೆ ನರನಳಿಕೆ ಮುಚ್ಚಿಕೊಳ್ಳುತ್ತೆ, ಅದರ ಮುಂದಿನ ತುದಿ ಮೂರು ಕಡೆ ಉಬ್ಬುತ್ತೆ. ಐದನೇ ವಾರಕ್ಕೆ ಮುಂದಿನ ಉಬ್ಬು ಎರಡಾಗಿ ಟೆಲೆನ್ಸೆಫಲಾನ್, ಡೈಎನ್ಸೆಫಲಾನ್ ಅನ್ನಿಸ್ಕೊಳ್ಳುತ್ತೆ, ಹಿಂದಿನದೂ ಎರಡಾಗಿ ಮೆಟೆನ್ಸೆಫಲಾನ್, ಮೈಲೆನ್ಸೆಫಲಾನ್ ಆಗುತ್ತೆ, ಮಧ್ಯದ್ದು ಹಾಗೇ ಉಳಿಯುತ್ತೆ. ಒಟ್ಟು ಐದು. ಟೆಲೆನ್ಸೆಫಲಾನಿಂದ ಮಹಾಮಸ್ತಿಷ್ಕ, ಡೈಎನ್ಸೆಫಲಾನಿಂದ ಥಲಾಮಸ್ ಕಡೆಯದು, ಮೆಟೆನ್ಸೆಫಲಾನಿಂದ ಪಾನ್ಸ್ ಮತ್ತು ಅನುಮಸ್ತಿಷ್ಕ, ಕೊನೇದರಿಂದ ಮೆಡುಲ್ಲಾ. ಈ ಉಬ್ಬುಗಳ ಲೆಕ್ಕ 19ನೇ ಶತಮಾನದ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಕಾಲದ್ದು. ಆಮೇಲೆ ವಿಲ್‌ಹೆಲ್ಮ್ ಹಿಸ್ ಅದನ್ನ ಗಟ್ಟಿ ಮಾಡಿದ್ರು, ದೇಶಕ್ಕೊಂದು ಹೆಸರು ಬಳಸ್ತಿದ್ದ ಅನಾಟಮಿಯವರು 1895ರಲ್ಲಿ ಬಾಸೆಲ್‌ನಲ್ಲಿ ಕೂತು ಲ್ಯಾಟಿನ್ ಪಟ್ಟಿ ಒಪ್ಪಿಕೊಂಡ್ರು.

ಕೊನೆಯ ಗೆರೆ ಕೇಳಿದ್ರಲ್ಲ, ತಲೆಬುರುಡೆ ತಳದ ದೊಡ್ಡ ರಂಧ್ರದ ಹತ್ತಿರ, ಮೊದಲನೇ ಕತ್ತಿನ ನರದ ಬೇರು ಹೊರಡೋ ಜಾಗದ ಮೇಲಕ್ಕೆ ಮೆಡುಲ್ಲಾ, ಕೆಳಕ್ಕೆ ಬೆನ್ನುಹುರಿ ಅಂತ ಲೆಕ್ಕ. ಆದ್ರೆ ಒಳಗೆ ಕೊಯ್ದು ನೋಡಿದ್ರೆ ಅಲ್ಲಿ ಗೋಡೆ ಇಲ್ಲ, ನರತಂತುಗಳ ಕಂತೆ ಹಾಗೇ ಇಳೀತಾ ಹೋಗುತ್ತೆ. ಇನ್ನೊಂದು ಮಾತು, ಕಣ್ಣಿನ ರೆಟಿನಾ ಕೂಡ ಮುಮ್ಮೆದುಳಿಂದಾನೇ ಹೊರಚಾಚಿ ಬೆಳೆದದ್ದು. ಆಪ್ಟಿಕ್ ನರ ಅಂತೀವಲ್ಲ, ಅದಕ್ಕೆ ಮಯಲಿನ್ ಹೊದಿಕೆ ಕೊಡೋದು ಮೆದುಳು, ಬೆನ್ನುಹುರಿಯಲ್ಲಿರೋ ಜೀವಕೋಶಗಳೇ, ಕೈಕಾಲಿನ ನರಕ್ಕೆ ಕೊಡೋವು ಬೇರೆ. ಅದಕ್ಕೇ ಮೆದುಳು, ಬೆನ್ನುಹುರಿಯ ಈ ಹೊದಿಕೆ ಹಾಳಾಗೋ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಷ್ಟೋ ಜನಕ್ಕೆ ಕಣ್ಣು ಮಂಜಾಗೋದ್ರಿಂದ ಶುರುವಾಗುತ್ತೆ. ಬುರುಡೆ ಒಳಗಿದ್ರೆ ಮೆದುಳು, ಹೊರಗಿದ್ರೆ ಅಲ್ಲ ಅನ್ನೋ ವ್ಯಾಖ್ಯೆ ಇಲ್ಲೇ ಸೋಲುತ್ತೆ.

ಹೈಪೊಥಲಾಮಸ್ ಥಲಾಮಸ್ ಕೆಳಗೇ ಇದೆ, ಎಂಆರ್‌ಐ ತೆಗೆದು ನೋಡಿ.

ಕೋಳಿಮೊಟ್ಟೆ_ಲ್ಯಾಬ್:
ಡಾಕ್ಟ್ರು ಹೇಳಿದ್ದು ಬಹುತೇಕ ಒಪ್ತೀನಿ, ಕೊನೇ ಸಾಲು ಬಿಟ್ಟು. ನಾನು ಕೋಳಿ ಭ್ರೂಣದಲ್ಲಿ ಕೆಲಸ ಮಾಡೋಳು, ಆ ಪಿ1 ಪಿ2 ನಮ್ಮ ದಿನನಿತ್ಯದ ಭಾಷೆ. ಎಂಆರ್‌ಐ ತೋರಿಸೋದು ಬೆಳೆದ ಮೇಲೆ ಯಾವ್ದು ಎಲ್ಲಿ ಬಂದು ಕೂತಿದೆ ಅನ್ನೋದನ್ನ. ನರನಳಿಕೆ ಉದ್ದಕ್ಕೆ ಯಾರು ಯಾರ ಪಕ್ಕ ಹುಟ್ಟಿದ್ರು ಅನ್ನೋದು ಅದರಲ್ಲಿ ಕಾಣಲ್ಲ.

ತೋಟಕ್ಕೆ ನೀರು ಬಿಡೋ ಪೈಪನ್ನ ಬಗ್ಗಿಸಿದ ಹಾಗೆ ನಳಿಕೆ ಮಧ್ಯಮೆದುಳಿನ ಹತ್ತಿರ ಬಲವಾಗಿ ಬಗ್ಗುತ್ತೆ. ಪೈಪು ಬಗ್ಗಿದ್ರೆ ಅದರ ಉದ್ದದ ದಿಕ್ಕೂ ಜೊತೆಗೇ ಬಗ್ಗುತ್ತೆ ತಾನೆ? 1910ರಲ್ಲಿ ಜಡ್ಸನ್ ಹೆರಿಕ್ ಡೈಎನ್ಸೆಫಲಾನನ್ನ ಒಂದರ ಕೆಳಗೊಂದು ನಾಲ್ಕು ಪಟ್ಟಿ ಮಾಡಿದ್ರು, ಎಪಿಥಲಾಮಸ್, ಡಾರ್ಸಲ್ ಥಲಾಮಸ್, ವೆಂಟ್ರಲ್ ಥಲಾಮಸ್, ಎಲ್ಲಕ್ಕಿಂತ ಕೆಳಗೆ ಹೈಪೊಥಲಾಮಸ್. ಅಲ್ಲಿ ಅಕ್ಷ ನೆಟ್ಟಗೆ ಟೆಲೆನ್ಸೆಫಲಾನ್ ಒಳಗೆ ಹೋಗುತ್ತೆ ಅಂತ ಅಂದ್ಕೊಂಡಿದ್ರು, ಬಗ್ಗಿರೋದನ್ನ ಲೆಕ್ಕಕ್ಕೆ ತಗೊಂಡಿಲ್ಲ. 1993ರಲ್ಲಿ ಸ್ಪೇನಿನ ಲೂಯಿಸ್ ಪುಯೆಯೆಸ್ ಮತ್ತು ಅಮೆರಿಕದ ಜಾನ್ ರೂಬೆನ್‌ಸ್ಟೈನ್ ಜೀನ್‌ಗಳು ಎಲ್ಲೆಲ್ಲಿ ಚಾಲೂ ಆಗಿವೆ ಅನ್ನೋದನ್ನ ಇಟ್ಕೊಂಡು ಪ್ರೊಸೊಮಿಯರ್ ಮಾದರಿ ಕೊಟ್ರು, ಪ್ರೊಸೊಮಿಯರ್ ಅಂದ್ರೆ ಮುಮ್ಮೆದುಳಿನ ನಳಿಕೆಯ ಉದ್ದಕ್ಕೆ ಒಂದರ ಹಿಂದೊಂದು ಬರೋ ಅಡ್ಡ ಭಾಗ. ಮೊದಲು ಆರು ಪ್ರೊಸೊಮಿಯರ್ ಅಂದಿದ್ರು, ಆಮೇಲೆ ತಿದ್ದಿ ಡೈಎನ್ಸೆಫಲಾನಿಗೆ ಮೂರು ಅಂತ ಮಾಡಿದ್ರು, ಹಿಂದಿನಿಂದ ಮುಂದಕ್ಕೆ ಪಿ1 ಪ್ರಿಟೆಕ್ಟಮ್, ಪಿ2 ಥಲಾಮಸ್, ಪಿ3 ಪ್ರಿಥಲಾಮಸ್. ಹಳೇ ವೆಂಟ್ರಲ್ ಥಲಾಮಸ್ಸೇ ಈ ಪ್ರಿಥಲಾಮಸ್, ಅದು ಥಲಾಮಸ್ ಕೆಳಗಲ್ಲ, ಮುಂದೆ. ಅದಕ್ಕೂ ಮುಂದೆ ಹೈಪೊಥಲಾಮಸ್, ಅದರ ಮೇಲ್ಭಾಗದಿಂದ ಉಬ್ಬಿ ಬಂದಿದ್ದು ಟೆಲೆನ್ಸೆಫಲಾನ್. ಮೇಷ್ಟ್ರು ನೋಡಿದ ಎರಡನೇ ಚಿತ್ರ ಇದೇ.

ಇದು ಬರೀ ಗೆರೆ ಎಳೆಯೋ ಆಟ ಅಲ್ಲ. ಪಿ2, ಪಿ3 ನಡುವಿನ ಗಡಿಯಲ್ಲಿ ಸಾನಿಕ್ ಹೆಜ್‌ಹಾಗ್ ಅನ್ನೋ ಪ್ರೋಟೀನ್ ಹೊರಡಿಸೋ ಕೋಶಗಳ ತೆಳು ಗೋಡೆ ನಿಲ್ಲುತ್ತೆ, ಬಣ್ಣ ಹಾಕಿದ್ರೆ ಮೈಕ್ರೋಸ್ಕೋಪ್‌ನಲ್ಲಿ ಚೂಪಾದ ಗೆರೆ ಥರ ಮೇಲಕ್ಕೆ ಎದ್ದು ಕಾಣುತ್ತೆ, ಎರಡೂ ಪಕ್ಕದವರಿಗೆ ನೀನು ಥಲಾಮಸ್ ಆಗು ನೀನು ಪ್ರಿಥಲಾಮಸ್ ಆಗು ಅಂತ ಸೂಚನೆ ಹೋಗೋದು ಅಲ್ಲಿಂದ. ಮಧ್ಯಮೆದುಳು ಹಿಮ್ಮೆದುಳು ಸೇರೋ ಕಡೆ ಎಫ್‌ಜಿಎಫ್8 ಅನ್ನೋ ಇನ್ನೊಂದು ಪ್ರೋಟೀನ್ ಇದೇ ಥರದ ಕೆಲಸ ಮಾಡುತ್ತೆ. ಹಿಮ್ಮೆದುಳಲ್ಲಿ ರಾಂಬೊಮಿಯರ್ ಅಂತ ಗೆಣ್ಣು ಗೆಣ್ಣಾಗಿ ಕಣ್ಣಿಗೇ ಕಾಣೋ ವಿಭಾಗಗಳಿವೆ, ಅಲ್ಲಿ ಉದ್ದಕ್ಕೆ ಯಾವ ಭಾಗ ಏನಾಗಬೇಕು ಅಂತ ಹೇಳೋ ಹಾಕ್ಸ್ ಜೀನ್‌ಗಳದ್ದೇ ಕಾರುಬಾರು. ಅವನ್ನ ನೋಡಿದ ಮೇಲೆ ಮೆಟೆನ್ಸೆಫಲಾನ್ ಮೈಲೆನ್ಸೆಫಲಾನ್ ನಡುವೆ ಹಳೇ ಪುಸ್ತಕ ಹೇಳೋ ಗಡಿ ಎಲ್ಲಿದೆ ಅಂತ ತೋರಿಸೋದೇ ಕಷ್ಟ. ನನ್ನ ಕೇಳಿದ್ರೆ ಐದಕ್ಕಿಂತ ಮೂರೇ ಗಟ್ಟಿ.

ಅನಾಟಮಿ_ಹಾಲ್:
ಮೇಡಂ, ಆಪರೇಷನ್ ಮಾಡೋ ಸರ್ಜನ್‌ಗೆ ಈಗ ಎಲ್ಲಿದೆ ಅನ್ನೋದೇ ಮುಖ್ಯ, ಪಿಟ್ಯುಟರಿ ಗೆಡ್ಡೆ ತೆಗೆಯುವಾಗ ಹೈಪೊಥಲಾಮಸ್ ಮೇಲಿದೆ, ಅದರ ಮೇಲೆ ಥಲಾಮಸ್ ಇದೆ ಅಂತಾನೇ ಅವರು ಯೋಚಿಸಬೇಕು. ಹುಟ್ಟಿನ ನಕ್ಷೆ ಬೇರೆ, ಜಾಗದ ನಕ್ಷೆ ಬೇರೆ. ಎರಡಕ್ಕೂ ಒಂದೇ ಹೆಸರು ಬಳಸ್ತಾ ಇರೋದ್ರಿಂದ ಜಗಳ, ಅಷ್ಟೇ.

ಗೆಂಡೆಮೀನು_ಕಾಗೆ:
ಮೀನು ಹಕ್ಕಿ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ. ಲ್ಯಾಂಪ್ರೇ ಅನ್ನೋ ದವಡೆ ಇಲ್ಲದ ಮೀನಿಂದ ಹಿಡಿದು ನಮ್ಮವರೆಗೆ ಮೂರು ಭಾಗದ ನಕ್ಷೆ ಎಲ್ಲ ಕಶೇರುಕಗಳಲ್ಲೂ ಸಿಗುತ್ತೆ, ಬೆಳೆಯೋ ಪ್ರಮಾಣ ಬೇರೆ ಬೇರೆ. ಗೆಂಡೆ ಮೀನಿನ ತಲೆ ಬಿಡಿಸಿದ್ರೆ ಮೆಡುಲ್ಲಾದಲ್ಲಿ ವೇಗಲ್ ಲೋಬ್ ಅಂತ ದಪ್ಪ ಉಬ್ಬು ಕಾಣುತ್ತೆ, ಅದು ಬಾಯೊಳಗಿನ ರುಚಿಗೆ, ಕೆಸರಿನ ಜೊತೆ ಬಾಯಿಗೆ ಬಂದಿದ್ರಲ್ಲಿ ತಿನ್ನೋದನ್ನ ಆರಿಸಿ ಮಿಕ್ಕಿದ್ದು ಉಗಿಯೋಕೆ. ನಮಗೂ ಆ ಜಾಗದಲ್ಲಿ ರುಚಿ ಕೇಂದ್ರ ಇದೆ, ಹೊರಗೆ ಕಾಣೋ ಅಷ್ಟು ಬೆಳೆದಿಲ್ಲ.

ಹೆಸರಿಂದ ಎಷ್ಟು ಅನ್ಯಾಯ ಆಗುತ್ತೆ ಅಂದ್ರೆ ಹಕ್ಕಿ ಕಥೆ ಕೇಳಿ. 1900ರ ಆಸುಪಾಸಲ್ಲಿ ಜರ್ಮನಿಯ ಲುಡ್ವಿಗ್ ಎಡಿಂಗರ್ ಹಕ್ಕಿಯ ಮುಮ್ಮೆದುಳು ಬಹುಪಾಲು ಸ್ಟ್ರೈಯೇಟಮ್ಮೇ ಅಂದ್ಕೊಂಡ್ರು, ಅಂದ್ರೆ ಹುಟ್ಟುಗುಣ ನಡೆಸೋ ಭಾಗ, ಯೋಚನೆ ಮಾಡೋ ಭಾಗ ಇಲ್ಲ ಅಂತ. ಹೆಸರುಗಳೂ ಹಾಗೇ ಕೂತ್ಕೊಂಡ್ವು, ನಿಯೋಸ್ಟ್ರೈಯೇಟಮ್, ಆರ್ಕಿಸ್ಟ್ರೈಯೇಟಮ್, ಹೈಪರ್‌ಸ್ಟ್ರೈಯೇಟಮ್. ಸುಮಾರು ನೂರು ವರ್ಷ ಅದನ್ನೇ ಓದಿದ್ರು. 1960ರ ದಶಕದಿಂದ ಹಾರ್ವಿ ಕಾರ್ಟನ್ ಮತ್ತಿತರರು ನರಗಳ ಸಂಪರ್ಕ ಹುಡುಕ್ತಾ ಹೋದ ಹಾಗೆ ಇದು ತಪ್ಪು ಅಂತ ಗೊತ್ತಾಯ್ತು. ಕೊನೆಗೆ 2002ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಎಲ್ಲ ಸೇರಿ ಹೆಸರು ಬದಲಾಯಿಸಿದ್ರು, 2004ರಲ್ಲಿ ಅಚ್ಚಾಯ್ತು, ನಿಡೊಪ್ಯಾಲಿಯಮ್, ಆರ್ಕೊಪ್ಯಾಲಿಯಮ್, ಮೀಸೊಪ್ಯಾಲಿಯಮ್ ಅಂತ. ಪ್ಯಾಲಿಯಮ್ ಅಂದ್ರೆ ನಮ್ಮಲ್ಲಿ ಕಾರ್ಟೆಕ್ಸ್, ಅಂದ್ರೆ ಮಹಾಮಸ್ತಿಷ್ಕದ ಹೊರಪದರ, ಹುಟ್ಟೋ ವಲಯ. ಹಾಡು ಕಲಿಯೋ ಹಕ್ಕಿಗಳಲ್ಲಿ ಎಚ್‌ವಿಸಿ ಅನ್ನೋ ಭಾಗಕ್ಕೆ ಮಾತ್ರ ಆ ಮೂರಕ್ಷರ ಎಲ್ಲರ ಬಾಯಲ್ಲೂ ಕೂತುಬಿಟ್ಟಿತ್ತು, ಅದಕ್ಕೆ ವಿಸ್ತರಣೆ ಬಿಟ್ಟು ಅಕ್ಷರವನ್ನೇ ಹೆಸರಾಗಿ ಉಳಿಸ್ಕೊಂಡ್ರು. ಮೇಷ್ಟ್ರೇ, ಹಲ್ಲಿ ಮೆದುಳಿನ ಮೇಲೆ ಸಸ್ತನಿ ಮೆದುಳು ಅದರ ಮೇಲೆ ಮನುಷ್ಯನ ಮೆದುಳು ಅಂತ ಪದರ ಪದರ ಇರೋ ಚಿತ್ರ ವಾಟ್ಸಾಪಲ್ಲಿ ಓಡಾಡುತ್ತಲ್ಲ, ದಯವಿಟ್ಟು ಅದನ್ನ ಮಕ್ಕಳಿಗೆ ತೋರಿಸಬೇಡಿ. ಪಾಲ್ ಮೆಕ್ಲೀನ್ ಅವರ ಆ ಮಾದರಿ ಹೋಲಿಕೆ ಅಧ್ಯಯನದ ಮುಂದೆ ನಿಲ್ಲಲ್ಲ, ಹಲ್ಲಿಗೂ ಪ್ಯಾಲಿಯಮ್ ಇದೆ.

ಹೈಸ್ಕೂಲ್_ಮೇಷ್ಟ್ರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಆ ಹುಡುಗಿಗೆ ನಾಳೇನೇ ಹೇಳ್ತೀನಿ. ಇದನ್ನ ಕ್ಲಾಸಲ್ಲಿ ತೋರಿಸೋಕೆ ಏನಾದ್ರೂ ಇದ್ಯಾ? ಮಾಡೆಲ್ ತರಿಸೋಕೆ ದುಡ್ಡಿಲ್ಲ.

ಅನಾಟಮಿ_ಹಾಲ್:
ಮಟನ್ ಅಂಗಡಿಯವರಿಗೆ ಮೊದಲೇ ಹೇಳಿಡಿ, ತಲೆ ನಡುವೆ ಸೀಳದೆ ಮೆದುಳು ಇಡಿಯಾಗಿ ತೆಗೆದುಕೊಡಿ ಅಂತ. ಫ್ರೀಜರಲ್ಲಿ ಅರ್ಧ ಗಟ್ಟಿಯಾಗೋವರೆಗೆ ಇಟ್ರೆ ಕೈಯಲ್ಲಿ ಕಲಸಿಹೋಗಲ್ಲ. ಕುರಿ ಮೆದುಳು ನಮ್ಮಷ್ಟು ಬಗ್ಗಿಲ್ಲ, ಹೆಚ್ಚುಕಮ್ಮಿ ನೆಟ್ಟಗಿದೆ, ಅದಕ್ಕೆ ಪಾಠಕ್ಕೆ ಒಳ್ಳೇದು. ಮಹಾಮಸ್ತಿಷ್ಕದ ಹಿಂದಿನ ಅಂಚನ್ನ ಬೆರಳಲ್ಲಿ ಮೆತ್ತಗೆ ಮುಂದಕ್ಕೆ ಸರಿಸಿ ಅನುಮಸ್ತಿಷ್ಕದ ಸಂದಿಯಲ್ಲಿ ನೋಡಿ, ನಾಲ್ಕು ಗುಂಡನೆ ಉಬ್ಬು, ಮುಂದಿನ ಎರಡು ದೊಡ್ಡವು, ನೋಟದ ಕೆಲಸಕ್ಕೆ, ಹಿಂದಿನ ಎರಡು ಕಿವಿಗೆ. ಅದೇ ಮಧ್ಯಮೆದುಳಿನ ಮೇಲ್ಭಾಗ. ಬೋರ್ಡ್ ಚಿತ್ರದಲ್ಲಿ ಮಕ್ಕಳಿಗೆ ಯಾವತ್ತೂ ಸಿಗದ ಭಾಗ ಅದು. ತಿರುಗಿಸಿ ತಳ ನೋಡಿದ್ರೆ ಎರಡು ಆಪ್ಟಿಕ್ ನರ ಗುಣಾಕಾರ ಚಿಹ್ನೆ ಥರ ಕೂಡ್ತವೆ, ಅದರ ಹಿಂದೇನೇ ಹೈಪೊಥಲಾಮಸ್.

ಬೆಂಗಳೂರಿಗೆ ಪ್ರವಾಸ ಹಾಕಿದ್ರೆ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಮೊದಲೇ ವಿಚಾರಿಸಿ ಹೋಗಿ, ಅಲ್ಲಿ ಮನುಷ್ಯನ ಮೆದುಳನ್ನೇ ನೋಡಬಹುದು.

ಕೋಳಿಮೊಟ್ಟೆ_ಲ್ಯಾಬ್:
ಕಂಪ್ಯೂಟರ್ ಇದ್ರೆ ಐಐಟಿ ಮದ್ರಾಸ್‌ನವರ ಧರಣಿ ಅಟ್ಲಾಸ್ ತೆರೆದು ತೋರಿಸಿ ಸರ್, 2024ರ ಡಿಸೆಂಬರಲ್ಲಿ ಬಿಡುಗಡೆ ಆಗಿದ್ದು, ಎರಡನೇ ತ್ರೈಮಾಸಿಕದ ಮನುಷ್ಯ ಭ್ರೂಣದ ಮೆದುಳಿನ 5,132 ಸೀಳುಗಳನ್ನ ಡಿಜಿಟಲ್ ಮಾಡಿಟ್ಟಿದಾರೆ, ದುಡ್ಡಿಲ್ಲದೆ ನೋಡಬಹುದು. ಮತ್ತೆ ಆ ಕುರಿ ಮೆದುಳನ್ನ ಕೊನೆಗೆ ಎಡ ಬಲ ಎರಡು ಹೋಳು ಮಾಡಿ. ಒಳಗೆ ಗುಂಡಗೆ ಕಾಣೋದು ಎರಡು ಥಲಾಮಸ್ ಕೂಡೋ ಜಾಗ. ಹೈಪೊಥಲಾಮಸ್ ಅದರ ಕೆಳಗಿದ್ಯಾ ಮುಂದಿದ್ಯಾ ಅಂತ ಆ ಹುಡುಗಿಗೇ ಕೇಳಿ, ಉತ್ತರ ಇಲ್ಲಿ ಹಾಕಿ.