ತಾಂಬೂಲದ ಕೆಂಪು 16 ಎಂಎಂ ಫಿಲ್ಮಿನಲ್ಲಿ ನಿಲ್ತಾ ಇಲ್ಲ, ಸಹಾಯ ಬೇಕು

ಕುಂಬಳೆ ರೀಲು: ತಾಂಬೂಲ ಜಗಿದು ಫಿಲ್ಮಿಗೆ ನಾಲಗೆ ಒತ್ತಿ ಸಿನಿಮಾ ಮಾಡ್ತಾ ಇದ್ದೇನೆ. ಕ್ಯಾಮರಾ ಇಲ್ಲ. ಒಣಗಿದಾಗ ಚೆಂದ ಉಂಟು, ನಾಲಗೆಯ ಒರಟು ಕೂಡ ಕಾಣ್ತದೆ. ಪ್ರೊಜೆಕ್ಟರಿಗೆ ಹಾಕಿದರೆ ಗೇಟಿನಲ್ಲಿ, ಅಂದ್ರೆ ಫಿಲ್ಮಿಗೆ ಬೆಳಕು ಬೀಳುವ ಕಿಂಡಿಯಲ್ಲಿ, ಬಣ್ಣ ಹಕ್ಕಳೆ ಎದ್ದು ಉದುರ್ತದೆ. ಎಂತ ಮಾಡುದು? ತಲೆ ಕೆಟ್ಟುಹೋಗಿದೆ.

ಚಂದ್ರಗಿರಿ: ಜೂನಿನಲ್ಲಿ ಕಾಸರಗೋಡಲ್ಲಿ ಫಿಲ್ಮ್ ಒಣಗ್ತದಾ ಮಾರಾಯ್ರೇ? ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಕುಂಬಳೆ ರೀಲು: ಇಟ್ಟಾಯ್ತು. ಅಟ್ಟದಲ್ಲಿ ನೇತು ಹಾಕಿಯೂ ಆಯ್ತು.

ಚಂದ್ರಗಿರಿ: ಹಾಗಾದರೆ ಡಬ್ಬಿ ಸರಿಯಿಲ್ಲ. ತೇವವೇ ಕಾರಣ.

ಹೊಸೂರು ಲೂಪ್: ಫಿಲ್ಮನ್ನ ತಾನೇ ಒಳಗೆ ಎಳ್ಕೊಳ್ಳೋ ಆಟೋ ಲೋಡಿಂಗ್ ಪ್ರೊಜೆಕ್ಟರಾ? ಅದು ಕೆರೆಯುತ್ತೆ. ನನ್ನ ಹತ್ರ ಈಕಿ ಕಂಪನಿಯ ಸ್ಲಾಟ್ ಲೋಡ್ ಪ್ರೊಜೆಕ್ಟರ್ ಇದೆ, ಫಿಲ್ಮನ್ನ ಸೀಳಿನಲ್ಲಿ ಕೈಯಿಂದ ಇಳಿಸೋದು, ಟೇಪ್ ಅಂಟಿಸಿದ ಫಿಲ್ಮೂ ಸಲೀಸಾಗಿ ಓಡುತ್ತೆ. ಲೆನ್ಸ್ ಬೇರೆ ಹಾಕಿಸಿದ್ದೀನಿ.

ಅಕ್ಕಲಕೋಟ: ಎಲ್ಲಾರೂ ಮಳಿ, ಮಷಿನ್ ಅಂತೀರಿ. ಫಿಲ್ಮಿನ ಮ್ಯಾಲೆ ಎಮಲ್ಶನ್, ಅಂದ್ರ ಚಿತ್ರ ಮೂಡೂ ಜೆಲಟಿನ್ ಪದರ, ಐತೋ ಇಲ್ಲೋ, ಮೊದಲ ಹೇಳ್ರಿ.

ಕುಂಬಳೆ ರೀಲು: ಹಳೆ ಪ್ರಿಂಟು, ಬ್ಲೀಚಿನಲ್ಲಿ ತೊಳೆದು ಗಾಜಿನ ಹಾಗೆ ಮಾಡಿದ್ದು. ಎಲ್ಲರೂ ಹಾಗೇ ಅಲ್ವಾ?

ಅಕ್ಕಲಕೋಟ: ಅಲ್ಲೇ ಐತ್ರಿ ಗಂಟು. ಬ್ಲೀಚು ಚಿತ್ರದ ಜೋಡಿ ಜೆಲಟಿನ್ನೂ ಕಿತ್ತು ಹಾಕ್ತೈತಿ. ಬರೇ ಪ್ಲಾಸ್ಟಿಕ್ಕಿನೊಳಗ ಎಂಜಲ ಇಳಿಯೂದಿಲ್ಲ. ಡೆವಲಪ್ ಆಗದ ಕಪ್ಪು-ಬಿಳುಪು ಫಿಲ್ಮ್ ಸಿಕ್ಕರ ಸೀದಾ ಫಿಕ್ಸರಿಗೆ, ಅಂದ್ರ ಫಿಲ್ಮಿನ ಬೆಳ್ಳಿ ಕರಗಿಸೂ ದ್ರಾವಣಕ್ಕ, ಹಾಕಿ ಚಲೋತ್ನಾಗಿ ತೊಳೀರಿ. ಬೆಳ್ಳಿ ಹೋಗ್ತೈತಿ, ಜೆಲಟಿನ್ ಉಳೀತೈತಿ. ಬಣ್ಣಾ ಅದು ಕುಡೀತೈತಿ.

ಚಂದ್ರಗಿರಿ: ಜೆಲಟಿನ್ ಉಳಿದರೆ ಬೂಷ್ಟು ಖಂಡಿತ. ತೇವ ಅಂತ ನಾನು ಹೇಳಿದ್ದು ಅದಕ್ಕೇ.

ಹೊಸೂರು ಲೂಪ್: ಸುಣ್ಣ ಬಿಡಿ ಸರ್, ಅದರ ಹರಳು ಫಿಲ್ಮ್ ಗೀರುತ್ತೆ. ಬ್ರಿಟನ್ನಿನ ವಿಕಿ ಸ್ಮಿತ್ 2014ರಲ್ಲಿ 16 ಎಂಎಂ ಫಿಲ್ಮ್ ನೆಕ್ಕಿ, ಉಗುಳಿ ಚಿತ್ರ ಮಾಡಿದಾಗ ತಿನ್ನೋ ಬಣ್ಣ ಬಳಸಿದ್ರು.

ಕುಂಬಳೆ ರೀಲು: ಸುಣ್ಣ ಬಿಟ್ಟರೆ ಕೆಂಪು ಎಲ್ಲಿಂದ? ಅಡಿಕೆಗೆ ಸುಣ್ಣ ತಾಗಿದರೇ ಆ ಬಣ್ಣ. ಅಂಗಡಿಯ ಬಣ್ಣ ನನಗೆ ಬೇಡ. ನಮ್ಮ ಅಜ್ಜಿಯ ಬಾಯಿಯ ಕೆಂಪೇ ಪರದೆಗೆ ಬರಬೇಕು.

ಅಕ್ಕಲಕೋಟ: ಸುಣ್ಣ ಇರ್ಲಿ. ನೀರಾಗ ಕದಡಿ, ಹರಳು ತಳಕ್ಕ ಕುಂತ ಮ್ಯಾಲಿನ ತಿಳಿ ಅಷ್ಟ ತಗೋರಿ, ಕೆಂಪು ಬರ್ತೈತಿ. ಆದ್ರ ಜೆಲಟಿನ್ ಉಬ್ಬಿ ಮೆತ್ತಗಾಗ್ತೈತಿ, ಪೂರ್ತಿ ಒಣಗೂತನಕ ರೀಲ್ ಸುತ್ತಬ್ಯಾಡ್ರಿ.

ಕುಂಬಳೆ ರೀಲು: ಇನ್ನೊಂದು. ನಾಲಗೆಯ ಗುರುತು ಫಿಲ್ಮಿನ ಅಂಚಿನ ಧ್ವನಿಪಟ್ಟಿಗೂ (ಸೌಂಡ್ ಟ್ರ್ಯಾಕ್) ಬಿದ್ದು ಗರಗರ ಕೇಳ್ತದೆ. ಆ ಶಬ್ದ ನನಗೆ ಬೇಕು. ಆದರೆ ಚಿತ್ರ ದಾಟಿದ ಮೇಲೆ ಬರ್ತದೆ.

ಹೊಸೂರು ಲೂಪ್: ಧ್ವನಿ ಓದೋ ಜಾಗ ಗೇಟ್ ದಾಟಿ 26 ಫ್ರೇಮ್ ಆದ ಮೇಲೆ. ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ. ಟ್ರ್ಯಾಕಿನ ಗುರುತನ್ನ ಅಷ್ಟು ಮುಂಚೆಯೇ ಬೇರೆಯಾಗಿ ಒತ್ತಿ.

ಕುಂಬಳೆ ರೀಲು: ತಿಳಿಸುಣ್ಣ ನಾಳೆಯೇ ನೋಡ್ತೇನೆ. ಫಿಕ್ಸರ್ ಮಂಗಳೂರಲ್ಲಿ ಯಾರ ಹತ್ರವಾದರೂ ಉಂಟಾ?

ಚಂದ್ರಗಿರಿ: ಮಂಗಳೂರಿಗೆ ಹೋಗುದಾದರೆ ಒಳ್ಳೆ ಡಬ್ಬಿ ತನ್ನಿ.