ಜೀಪಿನ ಬಾಗಿಲ ಬೆಲ್ಟ್: ಮೆಕ್ಯಾನಿಕ್ ಹತ್ತಿರ ಕೇಳಿ

ಮೆಕ್ಯಾನಿಕ್, ಸಕಲೇಶಪುರ: ಮಳೆ ಹಿಡಿಯುವ ಮುಂಚೆ ಎಲ್ಲರೂ ಬಾಗಿಲ ಬೆಲ್ಟ್ ಒಂದು ಸಲ ನೋಡಿಕೊಳ್ಳಿ. ಬಾಗಿಲು ಇಷ್ಟೇ ತೆರೆಯಲಿ ಅಂತ ಹಿಡಿದು ನಿಲ್ಲಿಸುವ ಪಟ್ಟಿ ಅದು. ಹರಿದರೆ ಬಾಗಿಲು ಹೋಗಿ ಮುಂದಿನ ಮಡ್‌ಗಾರ್ಡ್‌ಗೆ ಬಡಿಯುತ್ತದೆ, ಹಿಂಜ್ ಬಗ್ಗುತ್ತದೆ. ಏನಾದರೂ ಇದ್ದರೆ ಇಲ್ಲೇ ಕೇಳಿ.

ಕೊಪ್ಪ: ಅಣ್ಣ, ನಮ್ಮ ಹಳೇ ಥಾರ್ ಬೆಲ್ಟ್ ನೂಲು ಬಿಟ್ಟಿದೆ. ಹೊಲಿಸಿದರೆ ಆಗುತ್ತಾ?

ಮೆಕ್ಯಾನಿಕ್: ಬೇಡ, ಹೊಸದು ಹಾಕಿಸಿ. ಬಿಸಿಲಿಗೆ ನೈಲಾನ್ ಸತ್ತಿರುತ್ತದೆ. ಹೊಲಿಗೆ ನಿಂತರೂ ಅದರ ಪಕ್ಕದಲ್ಲೇ ಹರಿಯುತ್ತದೆ.

ಹಾಸನ: ಬೆಲ್ಟ್ ಹಾಸನದಲ್ಲಿ ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ?

ಮೂಡಿಗೆರೆ: ಸರ್, ತೋಟದ ಜೀಪಿಗೆ ಎರಡು ಸಲ ಬೆಲ್ಟ್ ಹರಿಯಿತು ಅಂತ ಕಬ್ಬಿಣದ ಸರಪಳಿ ಹಾಕಿಸಿದೆ. ಈಗ ಬಾಗಿಲು ತೆರೆದಾಗ ಟಕ್ ಅನ್ನುತ್ತದೆ. ಬೋಲ್ಟ್ ಸುತ್ತ ಪೇಂಟ್ ಎದ್ದಿದೆ, ಕೂದಲೆಳೆಯಂಥ ಒಂದು ಗೆರೆ ಕಾಣುತ್ತಿದೆ. ಮಕ್ಕಳು ಅದೇ ಬಾಗಿಲಲ್ಲಿ ಹತ್ತಿ ಇಳಿಯುತ್ತಾರೆ.

ಮೆಕ್ಯಾನಿಕ್: ಆ ಗೆರೆ ಕೇಳಿ ನನಗೆ ಭಯವಾಯಿತು. ಪೇಂಟ್ ಅಷ್ಟೇ ಅಲ್ಲ, ತಗಡೇ ಸೀಳುತ್ತಿರಬಹುದು. ನೈಲಾನ್ ಬೆಲ್ಟ್ ಎಳೆತಕ್ಕೆ ಸ್ವಲ್ಪ ಜಗ್ಗುತ್ತದೆ. ಗಾಳಿಗೆ ಬಾಗಿಲು ಬೀಸಿದಾಗ ಹೊಡೆತವನ್ನು ಅದೇ ತಿನ್ನುತ್ತದೆ. ಸರಪಳಿ ಜಗ್ಗುವುದಿಲ್ಲ. ಪೂರ್ತಿ ಹೊಡೆತ ಬೋಲ್ಟ್ ಕೂತ ತಗಡಿಗೇ. ನಿಮ್ಮ ಟಕ್ ಸದ್ದು ಅದೇ.

ಮೊದಲು ಸರಪಳಿ ಬಿಚ್ಚಿ. ಬೋಲ್ಟ್ ಸುತ್ತ ಪೇಂಟ್ ಉಜ್ಜಿ ತೆಗೆಯಿರಿ. ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಏಳುತ್ತದೆ. ಅದು ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿಕೊಳ್ಳಿ. ಅಲ್ಲಿ 3 ಮಿ.ಮೀ. ತೂತು ಹೊಡೆಯಬೇಕು, ಬಿರುಕು ಮುಂದೆ ಓಡದಿರಲಿ ಅಂತ. ಎಣ್ಣೆ ಪೂರ್ತಿ ತೆಗೆದು, ಬ್ಯಾಟರಿ ಬಿಚ್ಚಿಟ್ಟು, ಆಮೇಲೆ ವೆಲ್ಡಿಂಗ್. ಹಿಂದುಗಡೆ ಅಂಗೈಯಗಲದ ಪ್ಲೇಟ್ ಕೊಡಿಸಿ.

ಹೊಸ ಬೆಲ್ಟ್ ಅಳತೆ: ಬಾಗಿಲು ಮಡ್‌ಗಾರ್ಡ್‌ಗೆ ತಾಗಲು ಇನ್ನೂ ನಾಲ್ಕು ಬೆರಳು ಇರುವಾಗಲೇ ಬಿಗಿಯಾಗಬೇಕು. ಬೆಲ್ಟಿಗೆ ಡ್ರಿಲ್ ಹಾಕಬೇಡಿ. ಕಾದ ಮೊಳೆಯಲ್ಲಿ ತೂತು ಮಾಡಿ, ಅಂಚು ಕರಗಿ ಕೂರುತ್ತದೆ, ನೂಲು ಬಿಡುವುದಿಲ್ಲ. ಎರಡೂ ಕಡೆ ಅಗಲದ ವಾಷರ್ ಇರಲಿ.

ಶಿವಮೊಗ್ಗ: ನಮಗೆ ಬಂದ ಮೆಸೇಜ್, ಉಪಯೋಗ ಆಗಬಹುದು: "ಸೈಕಲ್ ಟ್ಯೂಬ್ ಎರಡು ಮಡಿಕೆ ಮಾಡಿ ಕಟ್ಟಿ, ಕೊಬ್ಬರಿ ಎಣ್ಣೆ ಹಚ್ಚಿ, ಜನ್ಮಪೂರ್ತಿ ಬಾಳಿಕೆ. ಎಲ್ಲರಿಗೂ ಕಳಿಸಿ."

ಮೆಕ್ಯಾನಿಕ್: ಯಾರಿಗೂ ಕಳಿಸಬೇಡಿ. ಟ್ಯೂಬ್ ಹಿಗ್ಗಿ ಬಾಗಿಲನ್ನು ವಾಪಸ್ ಎಸೆಯುತ್ತದೆ. ಇಳಿಜಾರಲ್ಲಿ ಒಂದು ಕಾಲು ಕೆಳಗಿಟ್ಟವರ ಮೊಣಕಾಲಿಗೆ ಬಡಿಯುತ್ತದೆ. ಎಣ್ಣೆ ಬಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬೆರಳು ಜಜ್ಜಿದ ಮೇಲೆ ಮೆಸೇಜ್ ಬರೆದವರು ಬರುವುದಿಲ್ಲ.

ತೀರ್ಥಹಳ್ಳಿ: ಹರಿದ ಬೆಲ್ಟ್ ಹೊಲಿಸಬಹುದಾ ಅಣ್ಣ?

ಮೆಕ್ಯಾನಿಕ್: ಇಲ್ಲ. ಮೇಲೆ ಬರೆದಿದ್ದೇನೆ.

ದುಬೈ: ಸರ್, ನನ್ನದು ಜೀಪ್ ರಾಂಗ್ಲರ್. ಮರಳಿಗೆ ಹೋಗುವಾಗ ಬಾಗಿಲು ಬಿಚ್ಚುತ್ತೇವೆ. ಪಟ್ಟಿ ಮೊದಲಾ, ಹಿಂಜ್ ಮೊದಲಾ?

ಮೆಕ್ಯಾನಿಕ್: ವೈರಿಂಗ್ ಕನೆಕ್ಟರ್ ಮೊದಲು, ಆಮೇಲೆ ಪಟ್ಟಿ, ಆಮೇಲೆ ಹಿಂಜ್ ನಟ್ಟು. ಪಟ್ಟಿ ಬಿಚ್ಚಿದ ಕೂಡಲೇ ಒಬ್ಬರು ಬಾಗಿಲು ಹಿಡಿದಿರಬೇಕು.

ಬೆಂಗಳೂರು: ಅದನ್ನೇ ನಾನೂ ಹೇಳುವುದು. ಬಾಗಿಲೇ ತೆಗೆದಿಡಿ. ಆಫ್‌ರೋಡ್ ಗಾಡಿಗೆ ಬಾಗಿಲು ಯಾಕೆ?

ಮಡಿಕೇರಿ: ಜುಲೈ ಮಳೆಯಲ್ಲಿ ನಮ್ಮ ಗಾಳಿಬೀಡು ಊರಿಗೆ ಬನ್ನಿ, ಯಾಕೆ ಅಂತ ಗೊತ್ತಾಗುತ್ತದೆ. ನಮಗೆ ಇದು ಆಟದ ಗಾಡಿ ಅಲ್ಲ. ಗೊಬ್ಬರ, ಆಳು, ಆಸ್ಪತ್ರೆ ಎಲ್ಲಾ ಇದರಲ್ಲೇ.

ಬೆಂಗಳೂರು: ನಾನು ಜಿಪ್ಸಿ ಹದಿನೈದು ವರ್ಷ ಓಡಿಸಿದ್ದೇನೆ. ನನಗೆ ಪಾಠ ಬೇಡ.

ಮಡಿಕೇರಿ: ಬಾಗಿಲಿನ ಜೊತೆ ಕನ್ನಡಿಯೂ ಹೋಗುತ್ತೆ ಅಲ್ವಾ? ಹಿಂದೆ ಬರುವ ಬಸ್ ಹೇಗೆ ನೋಡುತ್ತೀರಿ?

ಬೆಂಗಳೂರು: ಎರಡು ಬೋಲ್ಟ್ ಕೊಟ್ಟು ಕನ್ನಡಿ ಬೇರೆ ಕಡೆ ಹಾಕಿಕೊಳ್ಳಲು ಬರದವರು ಜೀಪು ಮಾರಿ ಜಿಮ್ನಿ ತಗೊಳ್ಳಿ.

ಕುಶಾಲನಗರ: ಜಿಮ್ನಿ ಏನು ಮಾಡಿತು ನಿಮಗೆ? 2023ರಿಂದ ಇದೆ ನನ್ನ ಹತ್ತಿರ, ಒಂದು ಸಲವೂ ತೊಂದರೆ ಕೊಟ್ಟಿಲ್ಲ.

ಮೆಕ್ಯಾನಿಕ್: ಜಗಳ ಬೇರೆ ಕಡೆ ಮಾಡಿಕೊಳ್ಳಿ. ಮೂಡಿಗೆರೆಯವರು ನೋಡಿದ್ರಾ?

ಸಾಗರ: ಅಣ್ಣ, ಸರಪಳಿ ಬದಲು ಕ್ಲಚ್ ಕೇಬಲ್ ಹಾಕಿದರೆ?

ಮೆಕ್ಯಾನಿಕ್: ಅದೂ ಜಗ್ಗುವುದಿಲ್ಲ. ಮೇಲೆ ಓದಿ ಕೇಳಿ ದಯವಿಟ್ಟು.

ಹಾಸನ: ಬೆಲ್ಟ್ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಲೇ ಇಲ್ಲ.

ಮೂಡಿಗೆರೆ: ಸರ್, ಸುಣ್ಣ ಹಚ್ಚಿ ನೋಡಿದೆ. ಬೋಲ್ಟಿನಿಂದ ಗೆರೆ ಎದ್ದಿದೆ, ಕೆಳಗಿನ ಹಿಂಜ್‌ವರೆಗೂ ಹೋಗಿದೆ.

ಮೆಕ್ಯಾನಿಕ್: ಆ ಬಾಗಿಲನ್ನು ಇನ್ನು ತೆರೆಯಲೇಬೇಡಿ. ಹಗ್ಗ ಹಾಕಿ ಕಟ್ಟಿ, ಮಕ್ಕಳನ್ನು ಆ ಕಡೆ ಕೂರಿಸಬೇಡಿ. ಬೆಳಿಗ್ಗೆ ಎಂಟಕ್ಕೆ ಗಾಡಿ ತನ್ನಿ, ನಿಧಾನವಾಗಿ ಬನ್ನಿ. ಪ್ಲೇಟ್ ಕತ್ತರಿಸಿ ಇಟ್ಟಿರುತ್ತೇನೆ.